ಉದರಶುದ್ಧಿ ಮತ್ತು ವ್ರತಶುದ್ಧಿ

ವ್ರತವೆಂಬುದು ಪರರು ಹೇರಿದ ಕಟ್ಟಳೆಯಲ್ಲ. ಆತ್ಮನು ತಿಳಿದು, ತನ್ನ ಶಕ್ತಿಯನ್ನು ಅಳೆದು, ದೇವ-ಗುರು-ಶಾಸ್ತ್ರಗಳ ಸಾಕ್ಷಿಯಾಗಿ ಸ್ವೀಕರಿಸಿದ ನಿಯಮ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ದಿಗಂಬರ ಜೈನ ಮನೆತನಗಳಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾಗಿಲ್ಲ. ದೂಧಗಂಗಾ-ವೇದಗಂಗೆಯರ ಸಂಗಮದ ಭೋಜ ಗ್ರಾಮವು ಆಚಾರ್ಯ ಶಾಂತಿಸಾಗರರನ್ನು (1872-1955), ಶೇಡಬಾಳವು ಆಚಾರ್ಯ ವಿದ್ಯಾನಂದರನ್ನು (1925-2019), ಸದಲಗಾ ಊರು ಆಚಾರ್ಯ ವಿದ್ಯಾಸಾಗರರನ್ನು (1946-2024) ಲೋಕಕ್ಕೆ ಕೊಟ್ಟಿವೆ. ಇಂಥ ನೆಲದಲ್ಲಿ ಹೊತ್ತು ಮುಳುಗುವ ಮುನ್ನ ಊಟ ಮುಗಿಸುವುದು, ನೀರನ್ನು ಗಾಳಿಸಿ ಕುಡಿಯುವುದು, ಅಷ್ಟಮಿ-ಚತುರ್ದಶಿಗಳಲ್ಲಿ ಏಕಭುಕ್ತವನ್ನೋ ಉಪವಾಸವನ್ನೋ ಆಚರಿಸುವುದು ಮಕ್ಕಳಿಗೆ ತಾಯಿಯ ಭಾಷೆಯಂತೆಯೇ ಸಹಜವಾಗಿ ಬಂದ ಸಂಸ್ಕಾರ.

ಇಂಥ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಹಿಂದಿನವರಿಗೆ ಎದುರಾಗದಿದ್ದ ಒಂದು ಪ್ರಶ್ನೆ ಉದ್ಭವಿಸಿದೆ. ಮಧುಮೇಹವು ಇಂದು ಮನೆಮನೆಯ ರೋಗವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಈ ರೋಗವಿದೆಯೆಂದು ಅಂದಾಜು ಮಾಡಿತು. ಇಂಥ ರೋಗಿಯೊಬ್ಬನಿಗೆ ಮಲದಲ್ಲಿ ರಕ್ತ ಕಂಡಾಗ, ಕಾರಣವಿಲ್ಲದೆ ತೂಕ ಇಳಿದಾಗ, ಇಲ್ಲವೆ ಮಲಪ್ರವೃತ್ತಿ ಬದಲಾದಾಗ ವೈದ್ಯರು ಕೊಲೊನೋಸ್ಕೋಪಿಯನ್ನು ಸೂಚಿಸುತ್ತಾರೆ. ಜನರು ಇದನ್ನು ದುರ್ಬೀನು ಹಾಕಿ ಕರುಳು ನೋಡುವ ಪರೀಕ್ಷೆ ಎನ್ನುತ್ತಾರೆ. ಮಿರಜ, ಸಾಂಗಲಿ, ಕೊಲ್ಲಾಪುರ, ಬೆಳಗಾವಿಗಳ ಆಸ್ಪತ್ರೆಗಳಲ್ಲಿ ಇದು ಈಗ ನಿತ್ಯದ ಮಾತು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟುಗಳನ್ನು, ಅವು ಅರ್ಬುದವಾಗಿ ಪರಿಣಮಿಸುವ ಮೊದಲೇ ಗುರುತಿಸಿ ತೆಗೆಯಬಹುದಾದುದು ಇದರ ದೊಡ್ಡ ಪ್ರಯೋಜನ. ಆದರೆ ಕರುಳು ಪೂರ್ಣ ಬರಿದಾಗಿದ್ದರೆ ಮಾತ್ರ ದುರ್ಬೀನಿಗೆ ಗೋಡೆ ಕಾಣುತ್ತದೆ. ಉಳಿದ ಮಲದ ಕೆಳಗೆ ಗಂಟು ಅಡಗಿದರೆ ಪರೀಕ್ಷೆ ನಡೆದೂ ನಡೆಯದಂತೆಯೇ.

ಆದುದರಿಂದ ಪರೀಕ್ಷೆಯ ಹಿಂದಿನ ದಿನ ಲಘು ಆಹಾರ, ಆಮೇಲೆ ತಿಳಿಯಾದ ದ್ರವಗಳು, ಅವುಗಳೊಡನೆ 2 ಲೀಟರ್, ಕೆಲವೆಡೆ 4 ಲೀಟರ್ ವಿರೇಚನ ದ್ರಾವಣವನ್ನು ಕುಡಿಯಬೇಕಾಗುತ್ತದೆ. ದ್ರಾವಣವನ್ನು ಒಂದೇ ಸಲ ಕುಡಿಯುವುದಕ್ಕಿಂತ ಅರ್ಧವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಆರಂಭಿಸಿ, ಕನಿಷ್ಠ 2 ಗಂಟೆ ಮೊದಲೇ ಮುಗಿಸುವುದು ಉತ್ತಮವೆಂದು ವೈದ್ಯಶಾಸ್ತ್ರವು ಕಂಡುಕೊಂಡಿದೆ. ಮಧುಮೇಹಿಗಳ ವಿಷಯದಲ್ಲಿ ಇದು ಇನ್ನೂ ಅವಶ್ಯ. ಬಹುಕಾಲದ ಸಕ್ಕರೆಯ ಹೆಚ್ಚಳದಿಂದ ಜಠರ ಮತ್ತು ಕರುಳುಗಳನ್ನು ನಡೆಸುವ ನರಗಳು ಕುಂದಿ, ಅವುಗಳ ಚಲನೆ ಮಂದವಾಗುತ್ತದೆ, ಮಲಬದ್ಧತೆ ಸಾಮಾನ್ಯವಾಗುತ್ತದೆ. ಇತರರಿಗೆ ಸಾಲುವ ಸಿದ್ಧತೆ ಅವರಿಗೆ ಅನೇಕ ವೇಳೆ ಸಾಲದು.

ಇಲ್ಲಿಯೇ ಧರ್ಮಸಂಕಟದ ಆರಂಭ. ಮಧುಮೇಹಿಯು ಹೆಚ್ಚು ಹೊತ್ತು ನಿರಾಹಾರನಾಗಿರಬಾರದೆಂದು ವೈದ್ಯರು ಬೆಳಗಿನ ಮೊದಲ ಸರದಿಯನ್ನು ಕೊಡುತ್ತಾರೆ. 8 ಗಂಟೆಗೆ ಪರೀಕ್ಷೆಯಾದರೆ ಎರಡನೆಯ ಅರ್ಧವನ್ನು ರಾತ್ರಿಯ 3-4 ಗಂಟೆಗೆ ಕುಡಿಯಬೇಕು. ರಾತ್ರಿ ನೀರನ್ನೂ ಮುಟ್ಟದ ಶ್ರಾವಕನು ಆಗ ಏನು ಮಾಡಬೇಕು? ನಿಯಮವನ್ನು ಉಳಿಸಿಕೊಳ್ಳಲು ಪರೀಕ್ಷೆಯನ್ನೇ ಬಿಡಬೇಕೆ? ಪರೀಕ್ಷೆಗಾಗಿ ನಿಯಮವನ್ನು ಬದಿಗೊತ್ತಬೇಕೆ? ಅಥವಾ ಹೇಗೂ ಉಪವಾಸದ ದಿನವೆಂದು ಚತುರ್ದಶಿಯನ್ನೇ ಆರಿಸಿಕೊಂಡು ಎರಡನ್ನೂ ಒಟ್ಟಿಗೆ ಸಾಧಿಸಬಹುದೆ? ಈ ಮೂರನೆಯ ಉಪಾಯವೇ ಎಲ್ಲಕ್ಕಿಂತ ಸುಲಭವೆಂದು ತೋರುವುದರಿಂದ ಅದನ್ನು ಮೊದಲು ವಿಚಾರಿಸುವುದು ಯುಕ್ತ.

ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸಿಸುವುದು. ಕಷಾಯ, ವಿಷಯ, ಆಹಾರ ಈ ಮೂರರ ತ್ಯಾಗ ಕೂಡಿದಾಗ ಮಾತ್ರ ಅದು ಉಪವಾಸ. ಆಹಾರವೊಂದನ್ನೇ ಬಿಟ್ಟರೆ ಅದು ಲಂಘನ. ಪರೀಕ್ಷೆಗಾಗಿ ಅನ್ನ ಬಿಟ್ಟವನು ಕರುಳಿನ ಸಲುವಾಗಿ ಬಿಟ್ಟಿದ್ದಾನೆಯೇ ಹೊರತು ಆತ್ಮನ ಸಲುವಾಗಿ ಅಲ್ಲ. ಗಂಟೆಗೊಮ್ಮೆ ದ್ರಾವಣ ಕುಡಿಯುತ್ತ, ಶೌಚಕ್ಕೆ ಓಡಾಡುತ್ತ, ನಾಳೆಯ ಫಲಿತಾಂಶವನ್ನು ನೆನೆದು ಅಂಜುತ್ತ ಕಳೆದ ದಿನವನ್ನು ಪ್ರೋಷಧೋಪವಾಸವೆಂದು ಎಣಿಸುವುದು ಲೆಕ್ಕದ ಪುಸ್ತಕದಲ್ಲಿ ಒಂದೇ ನಾಣ್ಯವನ್ನು ಎರಡು ಕಡೆ ಜಮೆ ಬರೆದಂತೆ. ಪರ್ವದಿನದ ಕಠಿಣ ಉಪವಾಸದಲ್ಲಿ ನೀರೂ ವರ್ಜ್ಯ. ಪರೀಕ್ಷೆಯ ದಿನ ನೀರೇ ಪ್ರಾಣ. ಎರಡನ್ನೂ ಬೆರೆಸಿದವನು ದ್ರಾವಣವನ್ನು ಪೂರ್ತಿ ಕುಡಿಯುವುದಿಲ್ಲ, ವ್ರತವನ್ನೂ ಪೂರ್ತಿ ನಡೆಸುವುದಿಲ್ಲ. ಕರುಳು ಶುದ್ಧವಾಗದೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕಾದರೆ, ಒಂದು ದಿನದ ಕಷ್ಟ ಎರಡು ದಿನವಾಗುತ್ತದೆ. ಆದುದರಿಂದ ಅಷ್ಟಮಿ, ಚತುರ್ದಶಿ, ಅಷ್ಟಾಹ್ನಿಕ, ದಶಲಕ್ಷಣ ಪರ್ವಗಳನ್ನು ತಪ್ಪಿಸಿ, ರೋಗವು ತಡೆಯುವಂತಿದ್ದರೆ, ಬೇರೆ ದಿನವನ್ನು ಕೇಳಿ ಪಡೆಯುವುದೇ ವಿವೇಕ. ತಡೆಯದಿದ್ದರೆ ಆ ಪರ್ವದ ಉಪವಾಸವನ್ನು ಇನ್ನೊಂದು ದಿನಕ್ಕೆ ಇರಿಸಿಕೊಳ್ಳಲು ಗುರುಗಳ ಅನುಮತಿಯನ್ನು ಬೇಡಬೇಕು.

ಹಾಗಾದರೆ ಆ ದಿನದ ನಿರಾಹಾರವು ವ್ಯರ್ಥವೆ? ಅಲ್ಲ. ತಾನಾಗಿ ಬಯಸದೆ ಬಂದ ಹಸಿವು-ಬಾಯಾರಿಕೆಗಳನ್ನು ಸಮತೆಯಿಂದ ಸಹಿಸುವುದನ್ನು ಶಾಸ್ತ್ರವು ಅಕಾಮನಿರ್ಜರೆ ಎಂದು ಕರೆದು, ಅದನ್ನು ದೇವಾಯುವಿನ ಆಸ್ರವಕ್ಕೆ ಕಾರಣಗಳಲ್ಲಿ ಎಣಿಸಿದೆ. ಅದಕ್ಕೆ ಅದರದೇ ಬೆಲೆಯಿದೆ; ವ್ರತವೆಂಬ ಹೆಸರು ಬೇಕಾಗಿಲ್ಲ.

ಇನ್ನು ರಾತ್ರಿಯ ಪ್ರಶ್ನೆ. ಇದಕ್ಕೆ ಉತ್ತರವು ವ್ರತಿಯ ಪದವಿಯನ್ನು ಅವಲಂಬಿಸಿದೆ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಹನ್ನೊಂದು ಪ್ರತಿಮೆಗಳನ್ನು ಹೇಳುತ್ತ, ಆರನೆಯದರಲ್ಲಿ ರಾತ್ರಿಯಲ್ಲಿ ಅನ್ನ, ಪಾನ, ಖಾದ್ಯ, ಲೇಹ್ಯ ಎಂಬ ನಾಲ್ಕು ವಿಧದ ಆಹಾರವನ್ನೂ ತ್ಯಜಿಸಿದವನನ್ನು ವರ್ಣಿಸಿದ್ದಾರೆ. ಆದರೆ ಪ್ರತಿಮೆಗಳನ್ನು ಇನ್ನೂ ಧರಿಸದ, ಧರ್ಮದ ಪಕ್ಷವನ್ನು ಹಿಡಿದು ಅಭ್ಯಾಸದಲ್ಲಿರುವ ಗೃಹಸ್ಥನು ಪಾಕ್ಷಿಕ ಶ್ರಾವಕ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇಂಥವನು ಹಗಲಿನಲ್ಲಿಯೇ ಉಣ್ಣಬೇಕೆಂದು ವಿಧಿಸಿ, ನೀರು, ಔಷಧ ಮುಂತಾದವುಗಳಿಗೆ ರಾತ್ರಿಯಲ್ಲಿ ಅವಕಾಶ ಕೊಟ್ಟಿದ್ದಾರೆ. ನಮ್ಮ ಸೀಮೆಯ ಬಹುಪಾಲು ಗೃಹಸ್ಥರು ಈ ವರ್ಗಕ್ಕೆ ಸೇರಿದವರು. ವಿರೇಚನ ದ್ರಾವಣವು ರುಚಿಗಾಗಿ ಕುಡಿಯುವ ಪಾನವಲ್ಲ, ಔಷಧ. ಅದನ್ನು ರಾತ್ರಿ ಕುಡಿದ ಪಾಕ್ಷಿಕನು ತನ್ನ ಪದವಿಯಿಂದ ಜಾರಲಿಲ್ಲ. ಆದರೆ ಈ ಅವಕಾಶವನ್ನು ಹಿಗ್ಗಿಸಬಾರದು. ಔಷಧಕ್ಕೆ ಅನುಮತಿಯಿದೆಯೆಂದು ಚಹವನ್ನೂ ಶರಬತ್ತನ್ನೂ ಅದರ ಹಿಂದೆ ಸಾಲಾಗಿ ತರುವವನು ಔಷಧದ ಹೆಸರಿನಲ್ಲಿ ನಾಲಗೆಯನ್ನು ಪೋಷಿಸುತ್ತಾನೆ.

ಯಾವಜ್ಜೀವ ಚತುರ್ವಿಧ ಆಹಾರವನ್ನು ರಾತ್ರಿಯಲ್ಲಿ ತ್ಯಜಿಸಿದ ಶ್ರಾವಕ-ಶ್ರಾವಿಕೆಯರ ಮಾತು ಬೇರೆ. ಅವರಿಗೆ ಮೊದಲ ಉಪಾಯವು ವೇಳೆಯನ್ನು ಹೊಂದಿಸುವುದು. ಪರೀಕ್ಷೆಯ ಸರದಿಯನ್ನು ಮಧ್ಯಾಹ್ನ 12ರ ನಂತರಕ್ಕೆ ಬೇಡಿಕೊಂಡರೆ, ಮೊದಲರ್ಧವನ್ನು ಹಿಂದಿನ ದಿನದ 4 ಗಂಟೆಗೆ ಆರಂಭಿಸಿ ಸೂರ್ಯಾಸ್ತಕ್ಕೆ ಎರಡು ಘಳಿಗೆ ಇರುವಾಗಲೇ ಮುಗಿಸಬಹುದು. ಎರಡನೆಯದನ್ನು ಸೂರ್ಯೋದಯವಾಗಿ ಎರಡು ಘಳಿಗೆ, ಅಂದರೆ 48 ನಿಮಿಷ, ಕಳೆದ ಮೇಲೆ ಆರಂಭಿಸಬಹುದು. ಪುಷ್ಯ-ಮಾಘಗಳಲ್ಲಿ ಈ ಭಾಗದಲ್ಲಿ 7 ಗಂಟೆಯ ಸುಮಾರಿಗೆ ಹೊತ್ತು ಮೂಡುತ್ತದೆ. ಆಗಲೂ 8ಕ್ಕೆ ಮೊದಲು ಆರಂಭಿಸಿ ಒಂದೂವರೆ ಗಂಟೆಯಲ್ಲಿ ಮುಗಿಸಿದರೆ ಮಧ್ಯಾಹ್ನದ ಪರೀಕ್ಷೆಗೆ ಬೇಕಾದಷ್ಟು ಅಂತರ ಉಳಿಯುತ್ತದೆ. ವೈದ್ಯರ ನಿಯಮವೂ ವ್ರತದ ನಿಯಮವೂ ಇಲ್ಲಿ ಪರಸ್ಪರ ವಿರೋಧಿಸುವುದಿಲ್ಲ. ಅಥಣಿ, ರಾಯಬಾಗಗಳಿಂದ ಹೋಗುವವರು ಹಿಂದಿನ ದಿನವೇ ಆ ಊರಿನ ನಂಟರ ಮನೆಯಲ್ಲಿ ಉಳಿದರೆ, ದ್ರಾವಣ ಕುಡಿದು ಬಸ್ಸನ್ನೋ ರೈಲನ್ನೋ ಹತ್ತುವ ಪೇಚಾಟವೂ ತಪ್ಪುತ್ತದೆ.

ಆದರೆ ಈ ಏರ್ಪಾಡಿಗೆ ಒಂದು ಬೆಲೆಯುಂಟು. ಸಂಜೆ ಐದೂವರೆಯಿಂದ ಮರುಬೆಳಗಿನ ಎಂಟರವರೆಗೆ ಹದಿನಾಲ್ಕು ಗಂಟೆಗಳಿಗಿಂತ ಹೆಚ್ಚು ಕಾಲ ಮಧುಮೇಹಿಯ ಬಾಯಿಗೆ ಏನೂ ಹೋಗುವುದಿಲ್ಲ. ಆ ಹೊತ್ತಿಗೆ ಅವನ ಕರುಳೂ ಬರಿದಾಗಿರುತ್ತದೆ. ಇನ್ಸುಲಿನ್ ಆಗಲಿ, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಗುಳಿಗೆಗಳಾಗಲಿ ಎಂದಿನ ಪ್ರಮಾಣದಲ್ಲಿ ದೇಹದಲ್ಲಿದ್ದರೆ ನಡುರಾತ್ರಿ ರಕ್ತದ ಸಕ್ಕರೆ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಗುಳಿಗೆಗಳನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲವಾದರೆ ನಿರಾಹಾರದಲ್ಲಿ, ಸಕ್ಕರೆಯ ಅಂಕಿ ಹೆಚ್ಚಿಲ್ಲದಿದ್ದರೂ, ರಕ್ತದಲ್ಲಿ ಆಮ್ಲ ಸೇರುವ ಅಪಾಯವಿದೆ. ಮೂಲ ಇನ್ಸುಲಿನ್ ಅನ್ನು ತಗ್ಗಿಸಬೇಕಾಗಬಹುದು. ಅದನ್ನು ತಾವೇ ಪೂರ್ತಿ ಬಿಟ್ಟುಬಿಡುವುದೂ ಕೇಡು. ಮೂತ್ರಪಿಂಡ ದುರ್ಬಲವಾದವರಿಗೆ ಸೋಡಿಯಂ ಫಾಸ್ಫೇಟ್ ಇರುವ ವಿರೇಚಕ ಸಲ್ಲದು. ಪಾಲಿಎಥಿಲೀನ್ ಗ್ಲೈಕಾಲ್‌ನ ದ್ರಾವಣವೇ ಅವರಿಗೆ ಲೇಸು. ಇವೆಲ್ಲವನ್ನು ವೈದ್ಯರೇ ನಿರ್ಣಯಿಸಬೇಕು. ನಿರ್ಣಯಿಸಲು ಅವರಿಗೆ ಸತ್ಯ ತಿಳಿದಿರಬೇಕು.

ಇಲ್ಲಿ ಒಂದು ಸೂಕ್ಷ್ಮ ದೋಷವು ನುಸುಳುತ್ತದೆ. ವೈದ್ಯರು ನಕ್ಕಾರು, ಗದರಿಸಿಯಾರು ಎಂಬ ಸಂಕೋಚದಿಂದ ಅನೇಕರು, ಮುಖ್ಯವಾಗಿ ಮನೆಯ ಹಿರಿಯ ತಾಯಂದಿರು, ತಾವು ರಾತ್ರಿ ನೀರು ಕುಡಿಯುವುದಿಲ್ಲವೆಂಬುದನ್ನೂ, ನಿನ್ನೆ ಏಕಭುಕ್ತವಿದ್ದುದನ್ನೂ ಹೇಳುವುದಿಲ್ಲ. ಕೊಟ್ಟ ಚೀಟಿಗೆ ತಲೆಯಾಡಿಸಿ ಬಂದು ಮನೆಯಲ್ಲಿ ತಮಗೆ ಒಪ್ಪಿದಂತೆ ನಡೆಯುತ್ತಾರೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳನ್ನು ಕಿತ್ತವನೇ ವ್ರತಿಯೆಂಬುದು ಉಮಾಸ್ವಾಮಿಗಳ ಅಭಿಪ್ರಾಯ. ಒಳಗೊಂದು ಹೊರಗೊಂದಾಗಿ ನಡೆಯುವುದು ಮಾಯಾಶಲ್ಯ. ವ್ರತವನ್ನು ಕಾಯಲೆಂದು ಶಲ್ಯವನ್ನು ಚುಚ್ಚಿಕೊಂಡರೆ ಕಾದುದೇನು? ತನ್ನ ನಿಯಮವನ್ನು ವೈದ್ಯರ ಮುಂದೆ ವಿನಯದಿಂದ, ಸ್ಪಷ್ಟವಾಗಿ ಹೇಳುವುದು ವ್ರತದ ಒಂದು ಅಂಗವೇ ಆಗಿದೆ. ಕೇಳಿದರೆ ಸರದಿಯ ವೇಳೆ ಬದಲಾಗಬಹುದು, ಗುಳಿಗೆಯ ಪ್ರಮಾಣ ಬದಲಾಗಬಹುದು. ಕೇಳದಿದ್ದರೆ ಏನೂ ಬದಲಾಗದು.

ಈಗ ಎಲ್ಲಕ್ಕಿಂತ ಕಠಿಣವಾದ ಸಂದರ್ಭ. ಸಿದ್ಧತೆಯ ರಾತ್ರಿ 2 ಗಂಟೆಗೆ ವ್ರತಿಯೊಬ್ಬನಿಗೆ ಬೆವರು ಬಂದು, ಕೈ ನಡುಗಿ, ಮಾತು ತೊದಲುತ್ತದೆ ಎಂದಿಟ್ಟುಕೊಳ್ಳೋಣ. ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದಿದೆ. 15 ಗ್ರಾಂ, ಅಂದರೆ ಸುಮಾರು ಮೂರು ಚಮಚ, ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸುವುದು ವೈದ್ಯರು ಹೇಳಿದ ಕ್ರಮ. ಮಗನು ಲೋಟ ಹಿಡಿದು ನಿಂತಿದ್ದಾನೆ. ತಂದೆ ಮುಖ ತಿರುಗಿಸುತ್ತಾನೆ. ಮನೆಯವರು ಇದನ್ನು ವ್ರತದ ದೃಢತೆಯೆಂದು ತಿಳಿದು ಕೈಮುಗಿಯಬೇಕೆ?

ಕೂಡದು. ಸಕ್ಕರೆ ಕುಸಿದಾಗ ಮೊದಲು ಕೆಡುವುದು ಬುದ್ಧಿ. ಆ ನಿರಾಕರಣೆಯು ವ್ರತಿಯ ವಿವೇಕದಿಂದ ಬಂದುದೋ ರೋಗದ ಭ್ರಮೆಯಿಂದ ಬಂದುದೋ ಹೇಳಲಾಗದು. ತ್ಯಾಗಕ್ಕೆ ಎಚ್ಚರವೇ ಪ್ರಾಣ. ಅರಿವು ಮಸುಕಾದಾಗ ತ್ಯಾಗ ಮಾಡುವವನೇ ಅಲ್ಲಿರುವುದಿಲ್ಲ. ಸಲ್ಲೇಖನೆಯಲ್ಲಿಯೂ ಪಂಚನಮಸ್ಕಾರವನ್ನು ಕೇಳುವ ಕಿವಿ, ನೆನೆಯುವ ಮನಸ್ಸು ಇರಬೇಕೆಂಬುದು ಎಲ್ಲ ಆಚಾರ್ಯರ ಆಶಯ. ಆದುದರಿಂದ ಸಕ್ಕರೆಯ ನೀರನ್ನು ಕುಡಿಸಿದ ಮಗನು ವ್ರತವನ್ನು ಕೆಡಿಸಿದವನಲ್ಲ. ಅನುಕಂಪೆಯ ಧರ್ಮವನ್ನು ನಡೆಸಿದವನು. ಪ್ರಜ್ಞೆಯೇ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವ್ರತಿಗೆ ದೋಷವು ತಗುಲಿದೆಯೆಂದು ತೋರಿದರೆ ಅದಕ್ಕೆ ಮಾರ್ಗವಿದೆ. ಆಲೋಚನೆ, ಪ್ರತಿಕ್ರಮಣ ಮೊದಲಾದ ಒಂಬತ್ತು ವಿಧದ ಪ್ರಾಯಶ್ಚಿತ್ತಗಳನ್ನು ತತ್ತ್ವಾರ್ಥಸೂತ್ರವು ಹೇಳಿರುವುದು ದೋಷವೇ ಘಟಿಸದವರಿಗಾಗಿ ಅಲ್ಲ. ಪ್ರಾಯಶ್ಚಿತ್ತಕ್ಕೆ ಜೀವಿತವು ಉಳಿದಿರಬೇಕು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಹಗುರವಾದುದಲ್ಲ. ದೇಹವು ನಶ್ವರ, ಅದರ ಮೇಲಿನ ಮೋಹವೇ ಬಂಧಕ್ಕೆ ಮೂಲ. ಮುಪ್ಪಿನಲ್ಲಿ ಕರುಳನ್ನು ತೊಳೆಸಿ, ದುರ್ಬೀನು ಹಾಕಿಸಿ ನಾಲ್ಕು ದಿನ ಹೆಚ್ಚು ಬದುಕಲು ಹವಣಿಸುವುದು ಶ್ರಾವಕನಿಗೆ ತಕ್ಕುದೆ ಎಂದು ಕೆಲವು ಹಿರಿಯರು ಕೇಳುತ್ತಾರೆ. ಉತ್ತರವನ್ನು ಸಮಂತಭದ್ರ ಸ್ವಾಮಿಗಳ ವಾಣಿಯಲ್ಲಿಯೂ ಅವರ ಚರಿತ್ರೆಯಲ್ಲಿಯೂ ಕಾಣಬಹುದು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವುಗಳಿಗೆ ಪ್ರತೀಕಾರವೇ ಇಲ್ಲದಾಗ ಧರ್ಮಕ್ಕಾಗಿ ಶರೀರವನ್ನು ಬಿಡುವುದನ್ನು ಅವರು ಸಲ್ಲೇಖನೆಯೆಂದರು. ಪ್ರತೀಕಾರವಿಲ್ಲದಿರುವುದು ಎಂಬ ಈ ಮಾತೇ ಇಡೀ ಲಕ್ಷಣದ ಕೀಲು. ಸಂಪ್ರದಾಯದ ಕಥೆಯಂತೆ ಅವರಿಗೇ ಭಸ್ಮಕವ್ಯಾಧಿ ಬಂದಾಗ ಗುರುಗಳಲ್ಲಿ ಸಲ್ಲೇಖನೆಯನ್ನು ಬೇಡಿದರು. ಅವರಿಂದ ಇನ್ನೂ ಧರ್ಮಪ್ರಭಾವನೆಯಾಗಬೇಕಾಗಿದೆಯೆಂದು ಅರಿತ ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನೇ ಬಿಟ್ಟು, ರೋಗವು ಶಮನವಾಗುವಷ್ಟು ಆಹಾರವನ್ನು ಸೇವಿಸಿ, ಗುಣಹೊಂದಿ ಮತ್ತೆ ದೀಕ್ಷೆ ಪಡೆದರು. ದೇವಚಂದ್ರನು ರಾಜಾವಳೀ ಕಥೆಯಲ್ಲಿ ಇದನ್ನು ಕನ್ನಡಿಗರಿಗೆ ಹೇಳಿದ್ದಾನೆ. ಮಹಾವ್ರತವನ್ನೇ ಕೆಲಕಾಲ ಕೆಳಗಿಳಿಸಿ ರೋಗವನ್ನು ಗೆದ್ದ ಆ ಮಹಾತ್ಮರನ್ನು ದೇಹಮೋಹಿಯೆಂದು ಯಾರೂ ಕರೆಯಲಿಲ್ಲ.

ಇದರ ಎದುರಿಗೆ ಭೋಜದ ಆಚಾರ್ಯ ಶಾಂತಿಸಾಗರರ ಕೊನೆಯನ್ನು ಇಟ್ಟು ನೋಡಬೇಕು. ಕಣ್ಣಿನ ದೃಷ್ಟಿ ಕುಂದಿ ನೆಲದ ಜೀವಿಗಳನ್ನು ನೋಡಿ ನಡೆಯುವುದು ಅಸಾಧ್ಯವಾದಾಗ, ಅಹಿಂಸಾವ್ರತವು ಭಂಗವಾಗಬಾರದೆಂದು ಅವರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನೆಯನ್ನು ಕೈಗೊಂಡರು. ಒಬ್ಬರು ಶರೀರವನ್ನು ಉಳಿಸಿಕೊಂಡರು, ಇನ್ನೊಬ್ಬರು ಬಿಟ್ಟರು. ಇಬ್ಬರೂ ಧರ್ಮವನ್ನೇ ಕಾದರು. ದಿಟ್ಟ ಮನಸ್ಸಿನ ಮುನಿಗಳ ಅಂತ್ಯವನ್ನು ತೋರಿಸಿ, ಗುಣವಾಗಬಲ್ಲ ರೋಗವುಳ್ಳ ಗೃಹಸ್ಥನೊಬ್ಬನು ಪರೀಕ್ಷೆಯನ್ನು ತಳ್ಳಿಹಾಕಿದರೆ ಅದು ವೈರಾಗ್ಯವಲ್ಲ. ಅನೇಕ ವೇಳೆ ಅದು ಭಯ. ವೈರಾಗ್ಯದ ಬಟ್ಟೆಯನ್ನು ತೊಟ್ಟ ಭಯ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ-ತಪಗಳಿಗೆ 'ಶಕ್ತಿಯಂತೆ' ಎಂಬ ವಿಶೇಷಣವು ಸೇರಿರುವುದನ್ನು ಮರೆಯಬಾರದು. ಶಕ್ತಿಗೆ ಮೀರಿದುದೂ ದೋಷ, ಶಕ್ತಿಯನ್ನು ಬಚ್ಚಿಟ್ಟುದೂ ದೋಷ.

ಇನ್ನು ದ್ರವ್ಯಶುದ್ಧಿಯ ಮಾತು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಸೇರಿಸದೆಯೇ ವಿರೇಚನಾದಿ ಚಿಕಿತ್ಸೆಗಳು ನಡೆಯುತ್ತವೆಂದು ಕಲ್ಯಾಣಕಾರಕದಲ್ಲಿ ತೋರಿಸಿಕೊಟ್ಟರು. ಆ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಅದೇ ದಾರಿಯಲ್ಲಿ ಇಂದೂ ನಡೆಯಬಹುದು. ಪುಡಿಯನ್ನು ಗಾಳಿಸಿ ಕುದಿಸಿ ಆರಿಸಿದ ನೀರಿನಲ್ಲಿ ಕದಡಬಹುದು. ಕೆಲವು ಪಟ್ಟಿಗಳಲ್ಲಿ ಬರೆದಿರುವ ಜೆಲ್ಲಿಯು ಪ್ರಾಣಿಜನ್ಯವಾದ ಜೆಲಟಿನ್‌ನಿಂದ ಆದುದು, ಅದು ಬೇಕಾಗಿಲ್ಲ. ಸಕ್ಕರೆ ಕುಸಿದಾಗ ಜೇನು ನೆಕ್ಕಿಸುವ ಅವಶ್ಯಕತೆಯೂ ಇಲ್ಲ. ಸಕ್ಕರೆಯ ನೀರೇ ಸಾಕು. ಹಗಲಿನಲ್ಲಿ ಎಳನೀರು, ಸೋಸಿದ ಬೇಳೆಕಟ್ಟು ಆಗಬಹುದು. ಕೆಂಪು ಬಣ್ಣದ ಪಾನಕಗಳು ಕರುಳಿನಲ್ಲಿ ರಕ್ತವೆಂಬ ಭ್ರಮೆ ಹುಟ್ಟಿಸುವುದರಿಂದ ಬೇಡ. ಎರಡು-ಮೂರು ದಿನ ಮುಂಚಿನಿಂದಲೇ ಗುರೆಳ್ಳು, ಅಗಸೆ, ಶೇಂಗಾಗಳ ಹಿಂಡಿ, ಸಿಪ್ಪೆಯುಳ್ಳ ಕಾಳು, ಬೀಜದ ಹಣ್ಣುಗಳನ್ನು ಬಿಟ್ಟು, ಮೆತ್ತನೆಯ ಅನ್ನ, ರವೆಯ ಗಂಜಿ, ಮೊಸರನ್ನಗಳಲ್ಲಿ ತೃಪ್ತರಾಗುವುದು ಲೇಸು. ಪರ್ವದಿನಗಳಲ್ಲಿ ಹಸಿರು ಕಾಯಿಪಲ್ಯ ಬಿಟ್ಟು ಹೆಸರು, ಮಡಿಕೆ ಕಾಳುಗಳನ್ನು ಉಣ್ಣುವ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ನಾಲಗೆಗೆ ಒಗ್ಗಿದ ಹಿಂಡಿಯನ್ನು ಮೂರು ದಿನ ಬಿಡುವುದೂ ಒಂದು ಸಣ್ಣ ರಸಪರಿತ್ಯಾಗವೇ.

ಪರೀಕ್ಷೆಗೆ ಹೋಗುವ ಮುನ್ನ ಊರಿನಲ್ಲಿ ಚಾತುರ್ಮಾಸವಿದ್ದ ಮುನಿಗಳನ್ನೋ ತ್ಯಾಗಿಗಳನ್ನೋ ಕಂಡು ನಿಯಮದ ವಿಷಯವನ್ನು ನಿವೇದಿಸಬೇಕು. ಮುಗಿದ ಮೇಲೆ ಬಸದಿಗೆ ಹೋಗಿ, ಆದ ದೋಷಗಳನ್ನು ಬಾಯಿಬಿಟ್ಟು ಹೇಳಿ, ಕೊಟ್ಟ ಪ್ರಾಯಶ್ಚಿತ್ತವನ್ನು ದೇಹವು ಚೇತರಿಸಿಕೊಂಡ ಬಳಿಕ ನಡೆಸಬೇಕು. ನಡುವಿನ ಆ ಒಂದು ರಾತ್ರಿ ದ್ವಾದಶಾನುಪ್ರೇಕ್ಷೆಗಳಲ್ಲಿ ಆರನೆಯದಾದ ಅಶುಚಿ ಭಾವನೆಗೆ ಮೀಸಲಾಗಲಿ. ಗಂಧ-ಚಂದನ ಲೇಪಿಸಿ ಮೆರೆಸಿದ ಈ ಶರೀರದ ಒಳಗೇನಿದೆಯೆಂಬುದನ್ನು ಅಂದಿನಷ್ಟು ಸ್ಪಷ್ಟವಾಗಿ ಯಾವ ಪ್ರವಚನವೂ ತಿಳಿಸಲಾರದು. ಅದನ್ನು ಕಂಡೂ ಈ ಶರೀರವನ್ನು ದ್ವೇಷಿಸದೆ, ಮೋಹಿಸದೆ, ರತ್ನತ್ರಯದ ಸಾಧನೆಗೆ ದೊರೆತ ಉಪಕರಣವೆಂದು ಕಾಪಾಡಿಕೊಳ್ಳುವುದು ಸಮ್ಯಗ್ದೃಷ್ಟಿಯ ಲಕ್ಷಣ. ಹೊಲದ ಒಡೆಯನು ನೇಗಿಲನ್ನು ಪೂಜೆಗಿಡುವುದಿಲ್ಲ, ಮುರಿದುಹಾಕುವುದೂ ಇಲ್ಲ. ಉಳುಮೆ ಮುಗಿಯುವವರೆಗೆ ಅದನ್ನು ಸರಿಯಾಗಿ ಇಟ್ಟುಕೊಳ್ಳುತ್ತಾನೆ.